ಮರಳುಗಾಡಿನಲ್ಲಿ ಹಸಿರು ಕೊಳ್ಳುವ ಬಗೆ

ನೀರಿಲ್ಲದ ಸೀಮೆಯಲ್ಲಿ ಊರಿನ ಹೆಸರುಗಳಲ್ಲಾದರೂ ನೀರು ತುಂಬಿರುವುದುಂಟು. ದಕ್ಷಿಣ ಕ್ಯಾಲಿಫೋರ್ನಿಯದ ಕೊಯಾಚೆಲ್ಲ ಕಣಿವೆಯ ನಕಾಶೆಯನ್ನು ಬಿಡಿಸಿ ನೋಡಿರಿ. ಪಾಮ್ ಸ್ಪ್ರಿಂಗ್ಸ್, ಎಂದರೆ ತಾಳೆಮರಗಳ ಊಟೆ, ಡೆಸರ್ಟ್ ಹಾಟ್ ಸ್ಪ್ರಿಂಗ್ಸ್, ಮರುಭೂಮಿಯ ಬಿಸಿನೀರ ಬುಗ್ಗೆ, ವೈಟ್‌ವಾಟರ್, ಬಿಳಿನೀರು, ಇಂಡಿಯನ್ ವೆಲ್ಸ್, ಆದಿವಾಸಿಗಳ ಬಾವಿಗಳು. ಈ ಸಾಲಿನಲ್ಲಿ ಹರಿಶ್ಚಂದ್ರನ ವಂಶಕ್ಕೆ ಸೇರಿದ ಊರು ಒಂದೇ ಒಂದು, ರ್‍ಯಾಂಚೊ ಮಿರಾಜ್. ಕನ್ನಡಿಸಿದರೆ ಅದು ಬಿಸಿಲ್ಗುದುರೆಯ ಹಟ್ಟಿ.

ಲಾಸ್ ಏಂಜಲೀಸಿನಿಂದ ಪೂರ್ವಕ್ಕೆ ನೂರು ಮೈಲಿಗಿಂತ ತುಸು ಮುಂದೆ ಈ ಕಣಿವೆ ಮೊದಲಾಗುತ್ತದೆ. ಪಡುವಣದಲ್ಲಿ 10,834 ಅಡಿ ಎತ್ತರದ ಸ್ಯಾನ್ ಹಸಿಂಟೊ ಶಿಖರ ನಿಂತು ಕಡಲಿನಿಂದ ಬರುವ ಮೋಡಗಳ ಸುಂಕವನ್ನೆಲ್ಲ ತಾನೇ ವಸೂಲು ಮಾಡಿಬಿಡುವುದರಿಂದ, ಕೆಳಗಿನ ನೆಲಕ್ಕೆ ದಕ್ಕುವ ಮಳೆ ವರ್ಷಕ್ಕೆ ಮೂರರಿಂದ ಐದು ಅಂಗುಲ. 2024ರ ಜುಲೈ 5ರಂದು ಪಾಮ್ ಸ್ಪ್ರಿಂಗ್ಸಿನಲ್ಲಿ ಉಷ್ಣಮಾಪಕ 124 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 51 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿತು. ಇಂಥ ಜಾಗದಲ್ಲಿ ಇರುವ ಗಾಲ್ಫ್ ಮೈದಾನಗಳ ಸಂಖ್ಯೆ ಸುಮಾರು ನೂರ ಇಪ್ಪತ್ತು. ಬಹುಪಾಲು ಮೈದಾನಗಳ ಸುತ್ತಲೂ ಮನೆಗಳು. ಮನೆಗಳ ಸುತ್ತಲೂ ಗೋಡೆ. ಗೋಡೆಗೊಂದು ಬಾಗಿಲು, ಬಾಗಿಲಿಗೊಬ್ಬ ಕಾವಲುಗಾರ. ಗಾಲ್ಫ್ ಬಡಾವಣೆ ಎಂದು ಕರೆಯುವುದು ಇದನ್ನೇ. ಕೆನಡದಿಂದಲೂ ಉತ್ತರದ ಚಳಿರಾಜ್ಯಗಳಿಂದಲೂ ಮುಪ್ಪಿನವರು ಚಳಿಗಾಲಕ್ಕೆ ಇಲ್ಲಿಗೆ ಬಂದು ಬೇಸಗೆಗೆ ಹಿಂದಿರುಗುವರು. ಅವರಿಗೆ ಅಲ್ಲಿನವರು ಇಟ್ಟಿರುವ ಹೆಸರು ಹಿಮಹಕ್ಕಿಗಳು.

ದುಡಿದು ಗಳಿಸಿದ್ದನ್ನು ಕೊಟ್ಟು, ಉಳಿದ ಆಯುಸ್ಸನ್ನು ಕಳೆಯುವುದಕ್ಕೆ ಒಂದು ನೆಲೆಯನ್ನು ಆರಿಸಿಕೊಳ್ಳುವುದು ಯಾವ ದೇಶದಲ್ಲಿಯೂ ಸಣ್ಣ ಮಾತಲ್ಲ. ಮನೆ ಮಾರುವವರ ಮಾತನ್ನು ಕೇಳಿದರೆ ಈ ಆಯ್ಕೆ ಬಲು ಸುಲಭವಾಗಿ ತೋರುತ್ತದೆ: ಎಷ್ಟು ಕುಳಿಗಳ ಮೈದಾನ, ಯಾರು ರಚಿಸಿದ್ದು, ಈಜುಕೊಳ ಎಷ್ಟು, ಜಗಲಿಯಿಂದ ಬೆಟ್ಟ ಕಾಣುತ್ತದೆಯೇ. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಆ ಹಸಿರಿನ ಕೆಳಗಿನ ನೆಲ ಯಾರದು, ಅದಕ್ಕೆ ಹಾಯುವ ನೀರು ಯಾರದು ಎಂಬ ಎರಡು ಪ್ರಶ್ನೆಗಳು ಇವಕ್ಕಿಂತ ಮೊದಲು ಬರಬೇಕೆಂದು ನನ್ನ ಅಭಿಪ್ರಾಯ. ಅವಕ್ಕೆ ಬರುವ ಮುಂಚೆ ಈ ಏರ್ಪಾಟು ಹುಟ್ಟಿದ ಬಗೆಯನ್ನು ನೋಡುವುದು ಒಳ್ಳೆಯದು.

ರ್‍ಯಾಂಚೊ ಮಿರಾಜಿನಲ್ಲಿ ಥಂಡರ್‌ಬರ್ಡ್ ಎಂಬ ಹೆಸರಿನ ಒಂದು ವಿಹಾರದ ಹಟ್ಟಿಯಿತ್ತು. ಪಟ್ಟಣಿಗರು ಬಂದು ನಾಲ್ಕು ದಿನ ಕುದುರೆ ಸವಾರಿ ಮಾಡಿ ಹೋಗುವ ಜಾಗ. ಜಾನಿ ಡಾಸನ್ ಎಂಬ ಗಾಲ್ಫ್ ಪಟು 1951ರಲ್ಲಿ ಅದನ್ನು ಕಣಿವೆಯ ಮೊದಲ 18 ಕುಳಿಗಳ ಮೈದಾನವನ್ನಾಗಿ ಮಾರ್ಪಡಿಸಿದನು. ಅವನ ಜಾಣತನವೆಲ್ಲ ಒಂದು ಲೆಕ್ಕಾಚಾರದಲ್ಲಿತ್ತು. ಮೈದಾನವನ್ನು ಕಟ್ಟುವ ಹಣ ಆಟದಿಂದ ಹುಟ್ಟುವುದಿಲ್ಲ, ಮೈದಾನದ ಅಂಚಿನ ನಿವೇಶನಗಳಿಂದ ಹುಟ್ಟುತ್ತದೆ. ಚೆಂಡು ಸಾಗುವ ಹುಲ್ಲುಪಟ್ಟೆ ಉದ್ದವಾಗಿ ಬಳುಕಿದಷ್ಟೂ ಅದರ ಎರಡು ದಡಗಳು ಬೆಳೆಯುತ್ತವೆ. ದಡ ಬೆಳೆದಷ್ಟೂ ಮಾರುವ ಮನೆಗಳು ಹೆಚ್ಚುತ್ತವೆ. ಹೊಳೆಯಿಲ್ಲದ ಸೀಮೆಯಲ್ಲಿ ಹೊಳೆಯ ದಂಡೆಯನ್ನು ಮಾರಿದ ಹಾಗಾಯಿತು! ಥಂಡರ್‌ಬರ್ಡಿಗೆ ಯೆಹೂದ್ಯರನ್ನು ಸೇರಿಸುತ್ತಿರಲಿಲ್ಲವಾಗಿ, ಅವರು 1952ರಲ್ಲಿ ಹತ್ತಿರದಲ್ಲೇ ಟ್ಯಾಮರಿಸ್ಕ್ ಎಂಬ ತಮ್ಮದೇ ಕ್ಲಬ್ಬನ್ನು ಕಟ್ಟಿಕೊಂಡರು. ಗೋಡೆ ಕಟ್ಟುವುದು ಬರಿಯ ಮರಳು ಒಳಗೆ ಬಾರದಿರಲೆಂದಲ್ಲ ಎಂಬುದು ಮೊದಲ ವರ್ಷವೇ ಗೊತ್ತಾಯಿತೆನ್ನಬೇಕು. ಮುಂದೆ ಐಸೆನ್‌ಹೋವರ್ ಅಧ್ಯಕ್ಷಪದವಿಯಿಂದ ಇಳಿದ ಮೇಲೆ ಇಂಡಿಯನ್ ವೆಲ್ಸಿನ ಎಲ್ಡೊರಾಡೊ ಕ್ಲಬ್ಬಿನಲ್ಲಿ ಚಳಿಗಾಲಗಳನ್ನು ಕಳೆದರು. ಜೆರಾಲ್ಡ್ ಫೋರ್ಡ್ ಥಂಡರ್‌ಬರ್ಡಿನ ಹುಲ್ಲಿನಂಚಿನಲ್ಲೇ ಮನೆಮಾಡಿ 2006ರಲ್ಲಿ ಅಲ್ಲಿಯೇ ತೀರಿಕೊಂಡರು.

ಧನಿಕರ ಈ ಚಪಲವನ್ನು ಮಧ್ಯಮವರ್ಗದ ಕೈಗೆಟುಕಿಸಿದ್ದು ನೆರೆಯ ಅರಿಜೋನ ರಾಜ್ಯ. ಫೀನಿಕ್ಸ್ ನಗರದ ಹೊರಗೆ ಡೆಲ್ ವೆಬ್ ಎಂಬ ಕಂಟ್ರಾಕ್ಟರು 1960ರ ಜನವರಿ 1ರಂದು ಸನ್ ಸಿಟಿ ಎಂಬ ಊರನ್ನು ತೆರೆದರು. ಕೆಲವು ಮಾದರಿ ಮನೆಗಳು, ಒಂದು ಗಾಲ್ಫ್ ಮೈದಾನ, ಒಂದಿಷ್ಟು ಅಂಗಡಿ. ನೋಡಲು ಬಂದ ಜನಸಂದಣಿ ಎಲ್ಲರ ನಿರೀಕ್ಷೆಯನ್ನು ಮೀರಿತು. ವಯಸ್ಸಾದವರಿಗೇ ಮೀಸಲಾದ ಊರೆಂಬ ಕಲ್ಪನೆ ಅಲ್ಲಿಂದ ದೇಶದಲ್ಲೆಲ್ಲ ಹಬ್ಬಿತು. ಈಗ ಇಂಥ ಊರುಗಳಿಗೆ 1995ರ ಕಾನೂನೊಂದರ ಆಧಾರವುಂಟು: ನೂರಕ್ಕೆ ಎಂಬತ್ತು ಮನೆಗಳಲ್ಲಿ ಒಬ್ಬರಿಗಾದರೂ 55 ವರ್ಷ ತುಂಬಿರಬೇಕು. ಅಲ್ಲಿ ಮೊಮ್ಮಕ್ಕಳು ಅತಿಥಿಗಳು. ಎಷ್ಟು ದಿನ ಇರಬಹುದೆಂಬುದನ್ನು ಬಡಾವಣೆಯ ನಿಯಮಾವಳಿ ಹೇಳುತ್ತದೆ. ನಮ್ಮ ಕಡೆಯ ಅಜ್ಜಿಯರು ಈ ವಾಕ್ಯವನ್ನು ಎರಡು ಸಲ ಓದಿ ಕನ್ನಡಕ ಒರೆಸಿಕೊಂಡಾರು.

ಇನ್ನು ಕೊಳ್ಳುವವನ ಕಡೆಗೆ ಬರೋಣ. ಅವನು ಕೊಳ್ಳುವುದು ಬರಿಯ ಮನೆಯನ್ನಲ್ಲ. ಮನೆಯೊಡನೆ ಮನೆಯೊಡೆಯರ ಸಂಘವೊಂದು ಬೆನ್ನಿಗೆ ಬರುತ್ತದೆ; ಅದಕ್ಕೆ ತಿಂಗಳು ತಿಂಗಳೂ ಕಪ್ಪ ಒಪ್ಪಿಸಬೇಕು. ಮೂರನೆಯದು ಕ್ಲಬ್ಬು. ಕೆಲವು ಬಡಾವಣೆಗಳಲ್ಲಿ ಆಟದ ಹಕ್ಕು ಮನೆಯ ಬೆಲೆಯಲ್ಲೇ ಸೇರಿರುತ್ತದೆ; ದಾಂಡು ಹಿಡಿಯಲು ಬಾರದವನೂ ಹುಲ್ಲಿನ ಖರ್ಚಿನಲ್ಲಿ ತನ್ನ ಪಾಲನ್ನು ಕೊಡಲೇಬೇಕು. ಇನ್ನು ಕೆಲವಲ್ಲಿ ಕ್ಲಬ್ಬು ಸದಸ್ಯರದೇ ಸ್ವತ್ತು. ಭಾರಿ ಪ್ರವೇಶಶುಲ್ಕ ತೆತ್ತು ಪಾಲುದಾರನಾಗಬೇಕು. ಚಾವಣಿ ಸೋರಿದರೆ, ಪಂಪು ಕೆಟ್ಟರೆ, ಮೈದಾನವನ್ನು ಹೊಸದಾಗಿ ರೂಪಿಸಬೇಕೆಂದು ಬಹುಮತ ಬಂದರೆ, ವಂತಿಗೆಯ ಚೀಟಿ ಮನೆಗೆ ಬರುತ್ತದೆ. ಮೂರನೆಯ ಬಗೆಯಲ್ಲಿ ಮೈದಾನ ಬೇರೊಬ್ಬನದು, ಮನೆ ನಮ್ಮದು; ಆಡಿದಷ್ಟಕ್ಕೆ ಕಾಸು. ಇದು ಅಗ್ಗವಾಗಿ ಕಾಣುತ್ತದೆ. ಆದರೆ ಆ ಬೇರೊಬ್ಬನಿಗೆ ಒಂದು ದಿನ ನಷ್ಟವಾಗಿ ಬಾಗಿಲು ಹಾಕಿಕೊಂಡರೆ ಜಗಲಿಯ ಮುಂದಿನ ಹಸಿರು ಕಳೆಯ ಬಯಲಾಗುತ್ತದೆ. ಫೀನಿಕ್ಸಿನ ಅವಟುಕೀ ಲೇಕ್ಸ್ ಎಂಬಲ್ಲಿ 2013ರಲ್ಲಿ ಆದದ್ದು ಹೀಗೆಯೇ. ಮೈದಾನ ಮುಚ್ಚಿತು, ಅದರ ಜಾಗದಲ್ಲಿ ಹೊಸ ಮನೆಗಳನ್ನು ಕಟ್ಟುವ ಹವಣಿಕೆ ನಡೆಯಿತು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆ ನೆಲ ಗಾಲ್ಫಿಗೇ ಮೀಸಲೆಂದು ಹಳೆಯ ಒಡಂಬಡಿಕೆಯಲ್ಲಿ ಬರೆದಿದ್ದುದು ಅವರ ಕೈಹಿಡಿಯಿತು. 2018ರಲ್ಲಿ ತೀರ್ಪು ಅವರ ಪರವಾಯಿತು. ಐದು ವರ್ಷ ಒಣಹುಲ್ಲನ್ನು ನೋಡುತ್ತ ಕುಳಿತವರಿಗೆ ಕಾಗದದ ಬೆಲೆ ಏನೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮನೆಯ ದಿಕ್ಕಿನ ವಿಚಾರದಲ್ಲಿಯೂ ಒಂದು ಶಾಸ್ತ್ರವುಂಟು, ವಾಸ್ತುಶಾಸ್ತ್ರಕ್ಕಿಂತ ಇದು ಪ್ರತ್ಯಕ್ಷ ಪ್ರಮಾಣದ್ದು. ಬಲಗೈಯ ಆಟಗಾರರಲ್ಲಿ ಸಾಧಾರಣ ಕುಶಲತೆಯವರು ಹೊಡೆದ ಚೆಂಡು ಬಲಕ್ಕೆ ವಾಲಿ ಓಡುವುದು ಸ್ವಭಾವ. ಆದುದರಿಂದ ಹೊಡೆಯುವ ಕಟ್ಟೆಯಿಂದ ಸುಮಾರು ಇನ್ನೂರು ಗಜದ ಆಸುಪಾಸಿನಲ್ಲಿ ಬಲಗಡೆಯಿರುವ ಮನೆಯ ಗಾಜುಗಳು ಅಲ್ಪಾಯುಗಳು. ಪಡುವಣಕ್ಕೆ ದೊಡ್ಡ ಗಾಜಿನ ಗೋಡೆಯಿರುವ ಮನೆಯಲ್ಲಿ ಫೆಬ್ರವರಿಯ ಸೂರ್ಯಾಸ್ತ ರಮಣೀಯ, ಜುಲೈಯ ಮಧ್ಯಾಹ್ನ ರೌರವ. ಸ್ಯಾನ್ ಗೊರ್ಗೋನಿಯೊ ಕಣಿವೆಬಾಯಿಯಿಂದ ನುಗ್ಗುವ ಗಾಳಿ ಎಷ್ಟು ಬಲವಾದುದೆಂದರೆ ಅಲ್ಲಿ ಸಾಲುಸಾಲಾಗಿ ಗಾಳಿಯಂತ್ರಗಳನ್ನು ನೆಟ್ಟು ವಿದ್ಯುತ್ತು ತೆಗೆಯುವರು. ಆ ಬಾಯಿಗೆ ಎದುರಾದ ಬಡಾವಣೆಗಳಲ್ಲಿ ಮರಳು ಊಟಕ್ಕೂ ಕರೆಯದೆ ಬರುತ್ತದೆ. ಬೆಟ್ಟದ ಮಡಿಲಿಗೆ ಸರಿದ ಬಡಾವಣೆಗಳು ಕ್ಷೇಮ. ಕಣಿವೆಯ ಪಡುವಣ ಭಾಗಕ್ಕೆ ಎಡಿಸನ್ ಕಂಪನಿ ವಿದ್ಯುತ್ತು ಕೊಡುತ್ತದೆ. ಮೂಡಣದ ಇಂಡಿಯೊ, ಲಾ ಕೀಂಟ ಕಡೆಗೆ ಇಂಪೀರಿಯಲ್ ಎಂಬ ನೀರಾವರಿ ಸಂಸ್ಥೆಯೇ ಕೊಡುತ್ತದೆ, ಅದರ ದರ ಇಳಿಕೆಯದು. ವರ್ಷದಲ್ಲಿ ಐದಾರು ತಿಂಗಳು ಹಗಲಿರುಳು ಶೀತಯಂತ್ರ ಓಡಿಸಬೇಕಾದಲ್ಲಿ ಇದು ಕಿರಿಯ ಸಂಗತಿಯಲ್ಲ. ಕಣಿವೆಯ ಈಶಾನ್ಯದ ಅಂಚಿನಲ್ಲಿ ಹಾದುಹೋಗುವ ಸ್ಯಾನ್ ಆಂಡ್ರಿಯಾಸ್ ಭೂಬಿರುಕಿನ ಮಾತನ್ನು ಮನೆ ತೋರಿಸುವವರು ತಾವಾಗಿ ಎತ್ತುವುದು ಅಪರೂಪ; ನಾವು ಎತ್ತಬೇಕು.

ಈಗ ನೆಲದ ಮಾತು. ಆಗ್ವ ಕಲಿಯೆಂಟೆ ಎಂಬ ಬಿಸಿನೀರ ಬುಗ್ಗೆಯ ಸುತ್ತ ನೆಲೆಸಿದ್ದವರು ಕವೀಯ ಜನಾಂಗದ ಆದಿವಾಸಿಗಳು. ರೈಲುಹಾದಿ ಬಂದಾಗ ಸರ್ಕಾರ ಹಾದಿಯ ಇಕ್ಕೆಲದ ನೆಲವನ್ನು ಒಂದೊಂದು ಚದರ ಮೈಲಿಯ ತುಂಡುಗಳಾಗಿ ಗುರುತುಮಾಡಿ, ಬೆಸ ಸಂಖ್ಯೆಯವನ್ನು ರೈಲು ಕಂಪನಿಗೆ ಕೊಟ್ಟಿತು. 1876ರಲ್ಲಿ ಅಧ್ಯಕ್ಷ ಗ್ರಾಂಟರ ಆಜ್ಞೆಯಿಂದ ಮೊದಲಾಗಿ ಸಮ ಸಂಖ್ಯೆಯ ತುಂಡುಗಳು ಆದಿವಾಸಿಗಳಿಗೆ ಬಂದವು. ಚದುರಂಗದ ಹಾಸಿನಂತೆ ಒಂದು ಮನೆ ಇವರದು, ಪಕ್ಕದ ಮನೆ ಅವರದು. ಆ ಹಾಸಿನ ಮೇಲೆಯೇ ಪಾಮ್ ಸ್ಪ್ರಿಂಗ್ಸ್ ಬೆಳೆದಿದೆ. ಇಂದಿಗೂ ಕಾವಲುಗಾರನ ಬಾಗಿಲನ್ನು ದಾಟಿದವನಿಗೆ ತಾನು ಯಾವ ಬಣ್ಣದ ಚೌಕದಲ್ಲಿ ನಿಂತಿದ್ದೇನೆಂಬುದು ಹುಲ್ಲಿನಿಂದ ತಿಳಿಯದು. ಆದಿವಾಸಿಗಳ ನೆಲವನ್ನು ಒಕ್ಕೂಟ ಸರ್ಕಾರ ಅವರ ಪರವಾಗಿ ನಿಕ್ಷೇಪವಾಗಿಟ್ಟುಕೊಂಡಿದೆ. ಅಂಥ ಚೌಕದಲ್ಲಿ ಮನೆ ಕೊಂಡವನಿಗೆ ಗೋಡೆ ಸ್ವಂತ, ನೆಲ ಗುತ್ತಿಗೆ. ಗುತ್ತಿಗೆಯನ್ನು 99 ವರ್ಷದವರೆಗೆ ಕೊಡಬಹುದೆಂದು 1959ರಲ್ಲಿ ಕಾನೂನಾದ ಮೇಲೆಯೇ ಅಲ್ಲಿ ಮನೆಗಳೂ ಮೈದಾನಗಳೂ ಬೇರೂರಿದುವು. ಗುತ್ತಿಗೆಯ ನೆಲದ ಮನೆ ಅಗ್ಗ. ಆದರೆ ಅವಧಿ ಸವೆಯುತ್ತ ಬಂದಂತೆ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ, ಮಾರುವುದು ಕಷ್ಟವಾಗುತ್ತದೆ. ಎಪ್ಪತ್ತು ವರ್ಷದವನು ‘ನನ್ನ ಕಾಲಕ್ಕೆ ಸಾಕು’ ಎನ್ನಬಹುದು. ಮಕ್ಕಳಿಗೆ ಬಿಟ್ಟುಹೋಗುವ ಆಸೆಯುಳ್ಳವನು ಗುತ್ತಿಗೆಯ ಪತ್ರದಲ್ಲಿ ಕೊನೆಯ ವರ್ಷವನ್ನು ಮೊದಲು ಓದಬೇಕು.

ಆ ಚೌಕಗಳಲ್ಲಿ ಒಂದರ ಕಥೆಯನ್ನು ಹೇಳದೆ ಮುಂದೆ ಹೋಗಲಾಗದು. ಪಟ್ಟಣದ ನಡುಮಧ್ಯದ 14ನೆಯ ತುಂಡಿನಲ್ಲಿ ಪಾಮ್ ಸ್ಪ್ರಿಂಗ್ಸನ್ನು ಕಟ್ಟಿದ ಕೈಗಳು ವಾಸವಾಗಿದ್ದುವು. ಕರಿಯರು, ಮೆಕ್ಸಿಕೊ ಮೂಲದವರು. ಗಾರೆಯವರು, ತೋಟಗಾರರು, ಮನೆಗೆಲಸದ ಹೆಂಗಸರು. ಬೇರೆಡೆ ಅವರಿಗೆ ಬಾಡಿಗೆಮನೆ ಸಿಕ್ಕುವುದೇ ದುರ್ಲಭವಾಗಿತ್ತು. ದೀರ್ಘ ಗುತ್ತಿಗೆಯ ಕಾನೂನಿನಿಂದ ನೆಲಕ್ಕೆ ಬೆಲೆ ಬಂದುದೇ ತಡ, ಆ ಮನೆಗಳನ್ನು ತೆರವುಮಾಡಿಸಿ ಕೆಡವಿ ಸುಡಲಾಯಿತು. 1968ರಲ್ಲಿ ರಾಜ್ಯದ ಮಹಾಭಿಯೋಜಕರ ಕಚೇರಿ ನಗರದ ನಡತೆಯನ್ನು ಕಟುವಾಗಿ ಖಂಡಿಸಿತು. ನಗರಸಭೆ ಕ್ಷಮೆ ಬೇಡಿದ್ದು 2021ರಲ್ಲಿ. ಹಿಂದಿನ ನಿವಾಸಿಗಳಿಗೂ ಅವರ ಸಂತತಿಗೂ 59 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿದ್ದು 2024ರಲ್ಲಿ. ಅಷ್ಟುಹೊತ್ತಿಗೆ ಅನೇಕರು ಪರಿಹಾರ ಬೇಕಾಗದ ಊರನ್ನು ಸೇರಿದ್ದರು.

ನೀರಿನ ಕಥೆ ಇದಕ್ಕಿಂತ ಆಳ. ಕವೀಯರು ಮರಳಿನಲ್ಲಿ ಬಾವಿ ತೋಡುತ್ತಿದ್ದ ರೀತಿ ನಮ್ಮ ಮೆಟ್ಟಿಲುಬಾವಿಗಳ ನೆನಪು ತರುವಂಥದು. ಹಗ್ಗದಿಂದ ಸೇದುವುದಲ್ಲ, ಇಳಿಜಾರಾಗಿ ತೋಡಿ, ಕೊಡ ಹಿಡಿದು ನಡೆದೇ ನೀರಿನ ಬಳಿಗೆ ಇಳಿಯುವುದು. ಅಂಥ ಬಾವಿಗಳಿಂದಲೇ ಇಂಡಿಯನ್ ವೆಲ್ಸ್ ಎಂಬ ಹೆಸರು ನಿಂತಿತು. ಕಾಲ್ನಡೆಯಲ್ಲಿ ಇಳಿದು ಮುಟ್ಟುವಷ್ಟು ಮೇಲಿದ್ದ ನೀರನ್ನು ಮೊದಲು ಖರ್ಜೂರದ ತೋಟಗಳೂ ಆಮೇಲೆ ಮೈದಾನಗಳೂ ಯಂತ್ರದಿಂದ ಎಳೆದುವು. ಅಂತರ್ಜಲ ಇಳಿಯಿತು, ಅದರೊಡನೆ ನೆಲವೂ ಕುಸಿಯಿತು. ಅಮೆರಿಕದ ಭೂವಿಜ್ಞಾನ ಇಲಾಖೆ ಅಳೆದಂತೆ 1995ರಿಂದ 2010ರವರೆಗೆ ಕಣಿವೆಯ ಕೆಲವು ಭಾಗಗಳಲ್ಲಿ ನೆಲ ಎರಡು ಅಡಿಗಳವರೆಗೂ ತಗ್ಗಿತು. ಈ ಕೊರತೆಯನ್ನು ತುಂಬುವುದು ದೂರದ ಕೊಲರಾಡೊ ನದಿ. ನೂರ ಇಪ್ಪತ್ತು ಮೈಲಿಗಿಂತ ಉದ್ದದ ಕಾಲುವೆಯೊಂದು 1949ರಿಂದ ಅದರ ನೀರನ್ನು ತರುತ್ತಿದೆ. ಇನ್ನೊಂದು ದಾರಿ ವಿನೋದವಾದುದು. ರಾಜ್ಯದ ಉತ್ತರದ ನದಿಗಳಲ್ಲಿ ಈ ಕಣಿವೆಗೆ ಒಂದು ಪಾಲುಂಟು, ಆದರೆ ಅದನ್ನು ತರುವ ಕೊಳವೆಯಿಲ್ಲ. ಆದುದರಿಂದ ಆ ಪಾಲನ್ನು ಕರಾವಳಿಯ ನಗರಗಳ ಜಲಸಂಸ್ಥೆ ತಾನು ತೆಗೆದುಕೊಂಡು, ಬದಲಿಗೆ ತನ್ನ ಕೊಲರಾಡೊ ನೀರನ್ನು ವೈಟ್‌ವಾಟರ್ ಬಳಿಯ ಹೊಂಡಗಳಿಗೆ ಬಿಡುತ್ತದೆ. 1973ರಿಂದ ಅಲ್ಲಿ ಅದು ಮರಳಿನಲ್ಲಿ ಇಂಗಿ ನೆಲದೊಳಗೆ ಸೇರುತ್ತಿದೆ. ನೆರೆಮನೆಗಳ ನಡುವೆ ಹಿಟ್ಟಿಗೆ ಬೇಳೆ ಕೊಟ್ಟ ಹಾಗೆ.

ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಅಲ್ಲಿಯ ಬಿಸಿಲಿನಲ್ಲಿ ಹುಲ್ಲು ಹಸಿರಾಗಿರಬೇಕಾದರೆ ವರ್ಷಕ್ಕೆ ಸುಮಾರು ಆರು ಅಡಿ ನೀರು ಬೇಕು. ನೂರು ಎಕರೆ ಹುಲ್ಲಿರುವ ಮೈದಾನಕ್ಕೆ ಇದು ಎಪ್ಪತ್ತನಾಲ್ಕು ಕೋಟಿ ಲೀಟರ್, ದಿನವೊಂದಕ್ಕೆ ಇಪ್ಪತ್ತು ಲಕ್ಷ. ನಮ್ಮ ದೇಶದ ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಅಂಗೀಕೃತ ಪ್ರಮಾಣ. ಆ ಅಳತೆಯಿಂದ ಒಂದು ಮೈದಾನ ಹದಿನೈದು ಸಾವಿರ ಜನರ ಒಂದು ಊರಿನಷ್ಟು ನೀರು ಕುಡಿಯುತ್ತದೆ. ಎಲ್ಲ ಮೈದಾನಗಳೂ ಒಂದೇ ಪಾತ್ರೆಯಿಂದ ಕುಡಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಕೆಲವಕ್ಕೆ ಕಾಲುವೆಯ ನೀರು, ಕೆಲವಕ್ಕೆ ಶುದ್ಧಿಮಾಡಿದ ಚರಂಡಿ ನೀರು, ಉಳಿದವಕ್ಕೆ ತಮ್ಮದೇ ಬಾವಿ. ಕೊಳ್ಳುವವನು ಕೇಳಬೇಕಾದುದು ಇದನ್ನೇ. ಚರಂಡಿ ನೀರಿನ ಹುಲ್ಲೆಂದರೆ ಮೂಗು ಮುರಿಯುವವರುಂಟು. ನನಗೇನೋ ಆ ಹುಲ್ಲೇ ಹೆಚ್ಚು ಭರವಸೆಯದಾಗಿ ತೋರುತ್ತದೆ. ಕೊಲರಾಡೊ ಒಣಗಿದರೂ ಊರಿನ ಬಚ್ಚಲು ಒಣಗದು. ಕೊಲರಾಡೊ ಒಣಗುವ ಮಾತು ಹುಸಿಯೂ ಅಲ್ಲ. 1922ರಲ್ಲಿ ರಾಜ್ಯಗಳು ಒಪ್ಪಂದ ಮಾಡಿಕೊಂಡು ಹಂಚಿಕೊಂಡದ್ದು ನದಿಯಲ್ಲಿ ನಿಜವಾಗಿ ಹರಿಯುವುದಕ್ಕಿಂತ ಹೆಚ್ಚು; 2022ರ ಬೇಸಗೆಯಲ್ಲಿ ಅದರ ಮೀಡ್ ಜಲಾಶಯದ ಮಟ್ಟ 1930ರ ದಶಕದಲ್ಲಿ ಮೊದಲು ತುಂಬಿದ ಕಾಲದಿಂದೀಚೆಗೆ ಕಾಣದಷ್ಟು ಕೆಳಕ್ಕೆ ಇಳಿದಿತ್ತು.

ಕವೀಯರು ಸುಮ್ಮನಿರಲಿಲ್ಲ. ನೆಲದಡಿಯ ನೀರಿನಲ್ಲಿ ತಮಗೂ ಹಕ್ಕಿದೆಯೆಂದು ಆಗ್ವ ಕಲಿಯೆಂಟೆ ಪಂಗಡದವರು 2013ರಲ್ಲಿ ಕಣಿವೆಯ ಜಲಸಂಸ್ಥೆಗಳ ಮೇಲೆ ದಾವೆ ಹೂಡಿದರು. ಅವರ ನೆಲವನ್ನು ಕಾಯ್ದಿರಿಸಿದಾಗಲೇ ಅಂತರ್ಜಲದ ಹಕ್ಕೂ ಕಾಯ್ದಿರಿಸಿದಂತಾಯಿತೆಂದು 2017ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು; ಅದನ್ನು ಮರುಪರಿಶೀಲಿಸಲು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅಷ್ಟರಮಟ್ಟಿಗೆ, ಇಂಡಿಯನ್ ವೆಲ್ಸ್ ಎಂಬ ಹೆಸರಿಗೆ ಮತ್ತೆ ಅರ್ಥ ಬಂದಿತು.

ನೀರಿನ ಪ್ರಶ್ನೆಯನ್ನು ಕೇಳದೆ ಮನೆ ಕೊಂಡವರ ಪಾಡನ್ನು ತಿಳಿಯಲು ಪುನಃ ಅರಿಜೋನಕ್ಕೆ ಹೋಗಬೇಕು. ಗಾಲ್ಫಿಗೆ ಹೆಸರಾದ ಸ್ಕಾಟ್ಸ್‌ಡೇಲ್ ನಗರದ ಎಲ್ಲೆಯಾಚೆ ರಿಯೊ ವೆರ್ಡೆ ಫುಟ್‌ಹಿಲ್ಸ್ ಎಂಬ ಬಡಾವಣೆಯಿದೆ. ಇದು ಗಾಲ್ಫ್ ಬಡಾವಣೆಯಲ್ಲ. ನಗರದ ತೆರಿಗೆಯಿಲ್ಲದ, ಬಯಲು ನೋಟದ ಮನೆಗಳು. ಅಲ್ಲಿಯ ನೂರಾರು ಮನೆಗಳಿಗೆ ನಗರದಿಂದ ಲಾರಿಯಲ್ಲಿ ನೀರು ಬರುತ್ತಿತ್ತು. ತನ್ನವರಿಗೇ ನೀರು ಸಾಲದಾದೀತೆಂದು ನಗರ 2023ರ ಜನವರಿ 1ರಿಂದ ಅದನ್ನು ನಿಲ್ಲಿಸಿತು. ದೊಡ್ಡ ದೊಡ್ಡ ಮನೆಗಳ ಜನ ತಿಂಗಳುಗಟ್ಟಲೆ ಕಾಗದದ ತಟ್ಟೆಯಲ್ಲಿ ಉಂಡು, ಮಳೆಯ ಹನಿಗೆ ಬಕೀಟು ಇಟ್ಟು ದಿನ ದೂಡಿದರು. ಸ್ಕಾಟ್ಸ್‌ಡೇಲಿನ ಗಾಲ್ಫ್ ಹುಲ್ಲು ಆಗಲೂ ಹಸಿರಾಗಿಯೇ ಇದ್ದಿತು. ಅರಿಜೋನಕ್ಕೆ ಸಲ್ಲಬೇಕಾದ ಮಾತೊಂದನ್ನು ಸಲ್ಲಿಸಿಬಿಡಬೇಕು: 1980ರ ಅಂತರ್ಜಲ ಕಾನೂನಿನ ತರುವಾಯ ಅಲ್ಲಿಯ ನಗರಪ್ರದೇಶಗಳ ಹೊಸ ಮೈದಾನಗಳಲ್ಲಿ ಹುಲ್ಲಿನ ವಿಸ್ತಾರಕ್ಕೆ ಮಿತಿಯುಂಟು. ಹೊಡೆಯುವಲ್ಲಿ ಒಂದು ದ್ವೀಪ, ಚೆಂಡು ಬೀಳುವಲ್ಲಿ ಒಂದು ದ್ವೀಪ, ನಡುವೆ ಕಳ್ಳಿ, ಕಲ್ಲು, ಮರಳು. ಜ್ಯಾಕ್ ನಿಕ್ಲಾಸ್ ರಚಿಸಿ 1983ರಲ್ಲಿ ತೆರೆದ ಡೆಸರ್ಟ್ ಹೈಲ್ಯಾಂಡ್ಸ್ ಈ ಜಾತಿಯದು. ಮರುಭೂಮಿಯನ್ನು ಮರೆಸದೆ ಆಡಿಸುವ ಈ ಮೈದಾನಗಳ ಪಕ್ಕದ ಮನೆಯೇ ಲೇಸೆಂದು ನನಗೆ ತೋರುತ್ತದೆ. ಅಲ್ಲಿ ಕಣ್ಣು ನಿಜವನ್ನು ನೋಡುತ್ತದೆ, ನೀರಿನ ಚೀಟಿಯೂ ಹಗುರ.

ಕೊಯಾಚೆಲ್ಲ ಕಣಿವೆಯ ಮೂಡಣ ತುದಿಗೆ ಹೋದರೆ ಹಸಿರು ಖರ್ಜೂರದ್ದು, ದ್ರಾಕ್ಷಿಯದು. ಥರ್ಮಲ್, ಮೆಕ್ಕ ಎಂಬ ಹಳ್ಳಿಗಳು. ತೋಟದ ಕೂಲಿಗಳು ಚಕ್ರದ ಮೇಲಿನ ಹಳೆಯ ತಗಡುಮನೆಗಳ ಕೇರಿಗಳಲ್ಲಿ ವಾಸಿಸುತ್ತಾರೆ. ಥರ್ಮಲ್ಲಿನ ಅಂಥ ಒಂದು ಕೇರಿಯ ಕುಡಿಯುವ ನೀರಿನಲ್ಲಿ ಮಿತಿಗಿಂತ ಹಲವು ಪಟ್ಟು ಶಂಖಪಾಷಾಣ ಸಿಕ್ಕಿತೆಂದು ಒಕ್ಕೂಟ ಸರ್ಕಾರದ ಪರಿಸರ ಸಂಸ್ಥೆ 2019ರಲ್ಲಿ ತುರ್ತು ಆಜ್ಞೆ ಹೊರಡಿಸಬೇಕಾಯಿತು. ಇಪ್ಪತ್ತು ಲಕ್ಷ ಲೀಟರಿನ ಹುಲ್ಲಿಗೂ ಈ ಕೇರಿಯ ನಲ್ಲಿಗೂ ನಡುವಣ ದೂರ ಕಾರಿನಲ್ಲಿ ಅರ್ಧ ಗಂಟೆ.

ಮನೆ ನೋಡಲು ಜನ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಹೋಗುತ್ತಾರೆ. ಆಗ ಬೆಟ್ಟದ ತಲೆಯಲ್ಲಿ ಹಿಮ, ಕೆಳಗೆ ಹೂ, ಎಲ್ಲೆಲ್ಲೂ ಪಚ್ಚೆ. ಸೆಪ್ಟೆಂಬರಿನ ಕೊನೆಗೆ ಹೋಗುವುದು ಉತ್ತಮ. ಬೇಸಗೆಯ ಬರ್ಮುಡ ಹುಲ್ಲು ಚಳಿಗೆ ಕಂದುವಂಥದಾದುದರಿಂದ ಆಗ ಅದನ್ನು ಬುಡದವರೆಗೆ ಬೋಳಿಸಿ, ಚಳಿಗಾಲದ ರೈ ಹುಲ್ಲಿನ ಬೀಜ ಬಿತ್ತುತ್ತಾರೆ. ಮೂರು ನಾಲ್ಕು ವಾರ ಮೈದಾನಗಳಿಗೆ ಬೀಗ. ಬಿಸಿಲು ಇನ್ನೂ ನೂರು ಡಿಗ್ರಿಯ ಮೇಲೆಯೇ ಇರುತ್ತದೆ. ಬೋಳಿಸುವ ಯಂತ್ರಗಳ ಹಿಂದೆ ಧೂಳು ಏಳುತ್ತದೆ. ಜಗಲಿಯ ಮುಂದೆ ಹುಲ್ಲಿನ ಪಟ್ಟೆ ಹುರಿದ ಹುಲ್ಲಿನ ಬಣ್ಣಕ್ಕೆ ತಿರುಗಿ, ಆಚೆಯ ಮರಳಿಗೂ ಅದಕ್ಕೂ ಗೆರೆ ಕಾಣದಂತಾಗಿರುತ್ತದೆ. ಬೀಜ ಬಿದ್ದ ಮೇಲೆ ತುಂತುರು ಕೊಳವೆಗಳು ದಿನಕ್ಕೆ ಹಲವು ಸಲ ತಿರುಗತೊಡಗುವುವು. ಗುತ್ತಿಗೆಯ ಪತ್ರವನ್ನೂ ಸಂಘದ ಲೆಕ್ಕಪುಸ್ತಕವನ್ನೂ ಕೇಳಿ ತರಿಸಿಕೊಂಡು ಕೂತು ಓದುವುದಕ್ಕೆ ಆ ವಾರಗಳು ಅನುಕೂಲ. ಕಚೇರಿಗಳಲ್ಲಿ ಆಗ ಗಿರಾಕಿಗಳ ನೂಕುನುಗ್ಗಲು ಇರುವುದಿಲ್ಲ.